ಬೆಳಕು ಮಂಕಾದರೆ ಅನುಮಾನ ಯಾರ ಮೇಲೆ?

2023ರ ನವೆಂಬರ್‌ನಲ್ಲಿ ಯೂಕ್ಲಿಡ್ ಎಂಬ ಬಾಹ್ಯಾಕಾಶ ಟೆಲಿಸ್ಕೋಪಿನ ತಂಡಕ್ಕೆ ಒಂದು ತಲೆನೋವು ಶುರುವಾಯಿತು. ಮೊದಲೇ ನೋಡಿಟ್ಟ ನಕ್ಷತ್ರಗಳನ್ನೇ ಮತ್ತೆ ನೋಡಿದರೆ ಬೆಳಕು ಕೊಂಚ ಕಡಿಮೆ ಬರುತ್ತಿತ್ತು. ಒಂದೆರಡು ನಕ್ಷತ್ರ ಮಂಕಾದರೆ ಅದು ಆ ನಕ್ಷತ್ರಗಳ ವಿಷಯ ಎನ್ನಬಹುದು. ಎಲ್ಲವೂ ಒಟ್ಟಿಗೆ ಮಂಕಾದರೆ? ಆಗ ತಪ್ಪು ಆಕಾಶದ್ದಲ್ಲ, ನೋಡುವ ಕಣ್ಣಿನದ್ದು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಮಂಜುಗಡ್ಡೆ. ಕನ್ನಡಿಯ ಮೇಲೆ ನ್ಯಾನೋಮೀಟರ್ ಲೆಕ್ಕದಲ್ಲಿ ಅಳೆಯಬೇಕಾದಷ್ಟು ತೆಳುವಾದ ಮಂಜಿನ ಪೊರೆ ಕೂತಿತ್ತು.

ಇದಕ್ಕೆ 25 ವರ್ಷ ಮೊದಲು, 1998ರಲ್ಲಿ, ಇನ್ನೊಂದು ಕಡೆ ಬೆಳಕು ಕಡಿಮೆ ಬಂದಿತ್ತು. ಬಹಳ ದೂರದ ಕೆಲವು ಸೂಪರ್‌ನೋವಾಗಳು, ಅಂದರೆ ಸಿಡಿಯುವ ನಕ್ಷತ್ರಗಳು, ಲೆಕ್ಕಕ್ಕಿಂತ ಮಂಕಾಗಿ ಕಂಡಿದ್ದವು. ಅಲ್ಲೂ ಎಲ್ಲರೂ ಮೊದಲು ಹುಡುಕಿದ್ದು ಇಂಥದ್ದೇ ಏನಾದರೂ ತಪ್ಪನ್ನ. ಸಿಗಲಿಲ್ಲ. ಕೊನೆಗೆ ಒಪ್ಪಿಕೊಳ್ಳಬೇಕಾಗಿ ಬಂದದ್ದು ಇದನ್ನು: ವಿಶ್ವ ಹಿಗ್ಗುತ್ತಿರುವ ವೇಗ ಹೆಚ್ಚುತ್ತಿದೆ, ಹೆಚ್ಚಿಸುತ್ತಿರುವುದು ಏನೆಂದು ಗೊತ್ತಿಲ್ಲ, ಮತ್ತು ಆ ಗೊತ್ತಿಲ್ಲದ್ದು ವಿಶ್ವದ ಒಟ್ಟು ಸರಕಿನಲ್ಲಿ ಸುಮಾರು ಶೇ. 68ರಷ್ಟಿದೆ. ಅದಕ್ಕೆ ಇಟ್ಟ ಹೆಸರು ಡಾರ್ಕ್ ಎನರ್ಜಿ.

ಡಾರ್ಕ್ ಎನರ್ಜಿಯನ್ನು ಯಾರೂ ನೋಡಿಲ್ಲ. ಯಾವ ಟೆಲಿಸ್ಕೋಪೂ ಅದರ ಫೋಟೋ ತೆಗೆಯಲಾರದು. ನಮ್ಮ ಕೈಗೆ ಸಿಗುವುದು ಬೆಳಕು ಮಾತ್ರ. ಆ ಬೆಳಕು ಯಾಕೆ ಇಷ್ಟೇ ಇದೆ, ಯಾಕೆ ಹೀಗೆ ಬಾಗಿದೆ ಎಂದು ವಿಚಾರಿಸುವುದೇ ಇಲ್ಲಿನ ಇಡೀ ಕೆಲಸ.

ಘಾಟಿಯಲ್ಲಿ ಎದುರಾದ ಲಾರಿ

ರಾತ್ರಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೀರಿ ಅಂದುಕೊಳ್ಳಿ. ಎದುರಿನಿಂದ ಒಂದು ಲಾರಿಯ ಹೆಡ್‌ಲೈಟ್ ಕಾಣುತ್ತದೆ. ಲಾರಿ ಎಷ್ಟು ದೂರದಲ್ಲಿದೆ? ನಾವೇನು ಟೇಪ್ ಹಿಡಿದು ಅಳೆಯುವುದಿಲ್ಲ. ಬೆಳಕು ಜೋರಾಗಿದ್ದರೆ ಹತ್ತಿರ, ಮಂಕಾಗಿದ್ದರೆ ದೂರ, ಅಷ್ಟೇ. ಆದರೆ ಈ ಅಂದಾಜು ಸರಿಯಾಗಬೇಕಾದರೆ ಎರಡು ಷರತ್ತು ಇವೆ. ಲಾರಿಗಳ ಹೆಡ್‌ಲೈಟ್ ಹೆಚ್ಚುಕಡಿಮೆ ಒಂದೇ ಶಕ್ತಿಯದ್ದಾಗಿರಬೇಕು. ಮಧ್ಯೆ ಮಂಜು ಇರಬಾರದು. ಜುಲೈನಲ್ಲಿ ಆ ದಾರಿಯಲ್ಲಿ ಹೋದವರಿಗೆ ಗೊತ್ತು, ಎರಡನೇ ಷರತ್ತು ಹೇಗೆ ಕೈಕೊಡುತ್ತದೆ ಎಂದು. ಎಲ್ಲೋ ದೂರ ಇದೆ ಅಂದುಕೊಂಡ ಲಾರಿ ಮುಂದಿನ ತಿರುವಿನಲ್ಲೇ ಇರುತ್ತದೆ.

ಆಕಾಶದಲ್ಲಿ ದೂರ ಅಳೆಯುವುದೂ ಹೀಗೆಯೇ. ಮೊದಲ ಷರತ್ತನ್ನು ಪೂರೈಸುವ ನಕ್ಷತ್ರಗಳನ್ನು ಕೊಟ್ಟವರು ಹಾರ್ವರ್ಡ್ ವೀಕ್ಷಣಾಲಯದ ಹೆನ್ರಿಯೆಟಾ ಲೆವಿಟ್. ಸೆಫೀಡ್ ಎಂಬ ಜಾತಿಯ ನಕ್ಷತ್ರಗಳು ನಿಗದಿತ ಲಯದಲ್ಲಿ ಬೆಳಗಿ ಮಂಕಾಗುತ್ತವೆ. ಲಯ ನಿಧಾನವಾದಷ್ಟೂ ನಕ್ಷತ್ರದ ನಿಜವಾದ ಪ್ರಕಾಶ ಜಾಸ್ತಿ ಎಂದು ಅವರು 1912ರಲ್ಲಿ ತೋರಿಸಿದರು. ಅಂದರೆ ಲಯ ನೋಡಿದರೆ ಸಾಕು, ಬಲ್ಬಿನ ಮೇಲೆ ವ್ಯಾಟ್ ಬರೆದಿಟ್ಟ ಹಾಗೆ. 1923ರಲ್ಲಿ ಎಡ್ವಿನ್ ಹಬಲ್ ಆಂಡ್ರೊಮಿಡಾದಲ್ಲಿ ಇಂಥದ್ದೊಂದು ನಕ್ಷತ್ರ ಹಿಡಿದ ಮೇಲೆಯೇ ಅದು ನಮ್ಮ ಗೆಲಾಕ್ಸಿಯ ಒಳಗಿನ ಮೋಡವಲ್ಲ, ಬೇರೆಯದೇ ಗೆಲಾಕ್ಸಿ ಎಂದು ಖಾತ್ರಿಯಾದದ್ದು. 1929ರ ಹೊತ್ತಿಗೆ ಅವರು ಗೆಲಾಕ್ಸಿಗಳ ದೂರವನ್ನೂ ವೇಗವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ದೂರದವು ಹೆಚ್ಚು ವೇಗದಲ್ಲಿ ಸರಿಯುತ್ತಿದ್ದವು. ಬೆಲ್ಜಿಯಂನ ಪಾದ್ರಿ ಜಾರ್ಜ್ ಲೆಮೈತ್ರ್ 1927ರಲ್ಲೇ ಇದನ್ನು ಲೆಕ್ಕ ಹಾಕಿ ಬರೆದಿದ್ದರು. ಆಗ ಅದನ್ನು ಓದಿದವರೇ ಕಡಿಮೆ.

ಮನೆಯಲ್ಲಿ ಹೊಲಿಗೆಯ ಇಲಾಸ್ಟಿಕ್ ಇದ್ದರೆ ಒಂದು ತುಂಡು ತೆಗೆದುಕೊಳ್ಳಿ. ಪೆನ್ನಿನಿಂದ ಒಂದೊಂದು ಸೆಂಟಿಮೀಟರಿಗೆ ಒಂದು ಚುಕ್ಕಿ ಇಡಿ. ಈಗ ಅದು ಎರಡು ಪಟ್ಟಾಗುವವರೆಗೆ ಎಳೆಯಿರಿ. ಮೊದಲ ಚುಕ್ಕಿಯ ಮೇಲೆ ನೀವು ನಿಂತಿದ್ದೀರಿ ಎಂದುಕೊಂಡರೆ, ಪಕ್ಕದ ಚುಕ್ಕಿ ಒಂದು ಸೆಂಟಿಮೀಟರ್ ದೂರ ಸರಿಯಿತು, ಮೂರು ಸೆಂಟಿಮೀಟರ್ ಆಚೆ ಇದ್ದದ್ದು ಅದೇ ಹೊತ್ತಿನಲ್ಲಿ ಮೂರು ಸೆಂಟಿಮೀಟರ್ ಸರಿಯಿತು. ಯಾವ ಚುಕ್ಕಿಯೂ ಓಡಲಿಲ್ಲ. ಹಿಗ್ಗಿದ್ದು ಇಲಾಸ್ಟಿಕ್. ನೀವು ಯಾವ ಚುಕ್ಕಿಯ ಮೇಲೆ ನಿಂತರೂ ಕಥೆ ಇದೇ, ಆದ್ದರಿಂದ ನಾವೇ ಮಧ್ಯದಲ್ಲಿದ್ದೇವೆ ಎಂದು ಬೀಗುವ ಹಾಗಿಲ್ಲ.

ಅದೇ ಇಲಾಸ್ಟಿಕ್ ಮೇಲೆ ಚುಕ್ಕಿಯ ಬದಲು ಒಂದು ಅಲೆ ಬರೆದು ಎಳೆದರೆ ಅಲೆಯೂ ಹಿಗ್ಗುತ್ತದೆ. ದೂರದಿಂದ ಬರುವ ಬೆಳಕಿಗೆ ಆಗುವುದು ಇದೇ. ದಾರಿಯಲ್ಲಿ ವಿಶ್ವ ಹಿಗ್ಗಿದಷ್ಟೂ ಅದರ ತರಂಗ ಉದ್ದವಾಗಿ ಕೆಂಪಿನ ಕಡೆಗೆ ಜಾರುತ್ತದೆ. ಇದನ್ನು ರೆಡ್‌ಶಿಫ್ಟ್ ಅನ್ನುತ್ತಾರೆ. ಹಾಗಾಗಿ ದೂರದ ಒಂದು ಸ್ಫೋಟದಿಂದ ನಮಗೆ ಎರಡು ಮಾಹಿತಿ ಸಿಗುತ್ತವೆ. ಮಂಕು ಎಷ್ಟಿದೆ ಎಂಬುದು ದೂರ ಹೇಳುತ್ತದೆ. ಕೆಂಪು ಎಷ್ಟಿದೆ ಎಂಬುದು, ಬೆಳಕು ಹೊರಟಾಗಿನಿಂದ ಇವತ್ತಿನವರೆಗೆ ವಿಶ್ವ ಎಷ್ಟು ಪಟ್ಟು ಹಿಗ್ಗಿದೆ ಎಂದು ಹೇಳುತ್ತದೆ. ಎರಡನ್ನೂ ಜೋಡಿಸಿ, ಹತ್ತಿರದಿಂದ ದೂರದವರೆಗೆ ಸಾಲಾಗಿ ಇಟ್ಟರೆ ವಿಶ್ವ ಯಾವಾಗ ಎಷ್ಟು ವೇಗದಲ್ಲಿ ಹಿಗ್ಗಿತು ಅನ್ನುವ ಚರಿತ್ರೆಯೇ ಕೈಗೆ ಬರುತ್ತದೆ.

ಮೈನಸ್ ಚಿಹ್ನೆ

ಸೆಫೀಡ್‌ಗಳು ಬಹಳ ದೂರಕ್ಕೆ ಕಾಣುವುದಿಲ್ಲ. ಅಲ್ಲಿಗೆ ಬೇಕಾದದ್ದು ಇನ್ನೂ ದೊಡ್ಡ ಬಲ್ಬು. ಅದರ ಹಿಂದೆ ನಮಗೆ ಪರಿಚಯದ ಹೆಸರೊಂದಿದೆ. 1930ರಲ್ಲಿ 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಓದಲು ಇಂಗ್ಲೆಂಡಿಗೆ ಹೋಗುವಾಗ ಹಡಗಿನಲ್ಲಿ ಒಂದು ಲೆಕ್ಕ ಹಾಕಿದರು. ಬಿಳಿ ಕುಬ್ಜ, ಅಂದರೆ ಇಂಧನ ಮುಗಿದು ಕುಗ್ಗಿದ ನಕ್ಷತ್ರ, ಒಂದು ಮಿತಿಗಿಂತ ಹೆಚ್ಚು ತೂಗುವಂತಿಲ್ಲ ಎಂಬುದು ಅದರ ತಾತ್ಪರ್ಯ. ಆ ಮಿತಿ ಸೂರ್ಯನ ಸುಮಾರು 1.4 ಪಟ್ಟು. ಇಂಥ ಕುಬ್ಜವೊಂದು ಪಕ್ಕದ ನಕ್ಷತ್ರದಿಂದ ದ್ರವ್ಯ ಎಳೆದುಕೊಂಡು ಆ ಮಿತಿಯ ಹತ್ತಿರ ಬಂದರೆ ಸಿಡಿಯುತ್ತದೆ. ಟೈಪ್ 1ಎ ಸೂಪರ್‌ನೋವಾ ಎಂದರೆ ಇಂಥ ಬಿಳಿ ಕುಬ್ಜಗಳ ಸ್ಫೋಟ. ಎಲ್ಲವೂ ಪಕ್ಕಾ ಒಂದೇ ಪ್ರಕಾಶದಲ್ಲಿ ಸಿಡಿಯುವುದಿಲ್ಲ, ಆದರೆ ಹೆಚ್ಚು ಪ್ರಕಾಶದವು ನಿಧಾನವಾಗಿ ಆರುತ್ತವೆ, ಕಡಿಮೆಯವು ಬೇಗ ಆರುತ್ತವೆ. ಆರುವ ವೇಗ ನೋಡಿ ಲೆಕ್ಕ ಸರಿಪಡಿಸಿಕೊಳ್ಳಬಹುದು.

1990ರ ದಶಕದಲ್ಲಿ ಎರಡು ತಂಡಗಳು ಪೈಪೋಟಿಯಲ್ಲಿ ಇವುಗಳ ಹಿಂದೆ ಬಿದ್ದವು. ಒಂದಕ್ಕೆ ಸಾಲ್ ಪರ್ಲ್‌ಮಟರ್ ಮುಖ್ಯಸ್ಥರು, ಇನ್ನೊಂದರಲ್ಲಿ ಬ್ರಯಾನ್ ಶ್ಮಿಟ್ ಮತ್ತು ಆಡಮ್ ರೀಸ್. ಇಬ್ಬರೂ ಹುಡುಕುತ್ತಿದ್ದದ್ದು ಬ್ರೇಕ್. ಗೆಲಾಕ್ಸಿಗಳೆಲ್ಲ ಒಂದನ್ನೊಂದು ಎಳೆಯುತ್ತಿರುವಾಗ ಹಿಗ್ಗುವಿಕೆ ನಿಧಾನವಾಗಲೇಬೇಕು, ಎಷ್ಟು ನಿಧಾನವಾಗುತ್ತಿದೆ ಅನ್ನುವುದಷ್ಟೇ ಪ್ರಶ್ನೆ. ಅಳೆಯಬೇಕಾದ ಆ ಸಂಖ್ಯೆಗೆ ಪುಸ್ತಕಗಳಲ್ಲಿ ಮೊದಲೇ 'ವೇಗ ಇಳಿಕೆಯ' ಸಂಖ್ಯೆ ಎಂದೇ ಹೆಸರಿತ್ತು. ಫಲಿತಾಂಶ ಬಂದಾಗ ಆ ಸಂಖ್ಯೆಯ ಮುಂದೆ ಮೈನಸ್ ಚಿಹ್ನೆ ಇತ್ತು. ದೂರದ ಸೂಪರ್‌ನೋವಾಗಳು ನಿರೀಕ್ಷೆಗಿಂತ ಶೇ. 20-25ರಷ್ಟು ಮಂಕು. ಅಂದರೆ ಹೆಚ್ಚು ದೂರ. ಬ್ರೇಕ್ ಇರಬೇಕಾದ ಕಡೆ ಆಕ್ಸಿಲರೇಟರ್.

ಇಲ್ಲಿ ಘಾಟಿಯ ಮಂಜು ನೆನಪಿಸಿಕೊಳ್ಳಿ. ಸಹಜವಾಗಿಯೇ ಎಲ್ಲರೂ ಕೇಳಿದ ಪ್ರಶ್ನೆ ಅದೇ: ಗೆಲಾಕ್ಸಿಗಳ ಮಧ್ಯೆ ಧೂಳಿದ್ದರೆ? ಧೂಳು ಸಾಮಾನ್ಯವಾಗಿ ಬೆಳಕನ್ನು ಕೆಂಪಾಗಿಸುತ್ತದೆ, ಸಂಜೆ ಸೂರ್ಯನ ಹಾಗೆ. ಆ ಗುರುತು ಸಿಕ್ಕಲಿಲ್ಲ. ಆದರೂ ಎಲ್ಲ ಬಣ್ಣವನ್ನೂ ಸಮನಾಗಿ ತಡೆಯುವ ವಿಚಿತ್ರ ಧೂಳು ಇರಬಹುದಲ್ಲ ಎಂಬ ವಾದ ಉಳಿಯಿತು.

ಅದನ್ನು ಮುಗಿಸಿದ್ದು ಹಬಲ್ ಬಾಹ್ಯಾಕಾಶ ಟೆಲಿಸ್ಕೋಪು. 2002ರಲ್ಲಿ ಗಗನಯಾನಿಗಳು ಹೋಗಿ ಅದಕ್ಕೆ ಹೊಸ ಕ್ಯಾಮೆರಾ ಕೂರಿಸಿದರು. ಅದರಿಂದ ಭೂಮಿಯಿಂದ ಹಿಡಿಯಲಾಗದಷ್ಟು ದೂರದ ಸೂಪರ್‌ನೋವಾಗಳು ಸಿಕ್ಕವು. ಧೂಳೇ ಕಾರಣವಾಗಿದ್ದರೆ ದೂರ ಹೋದಷ್ಟೂ ಹೆಚ್ಚುವರಿ ಮಂಕು ಏರುತ್ತಲೇ ಹೋಗಬೇಕು. 2004ರಲ್ಲಿ ರೀಸ್ ತಂಡ ತೋರಿಸಿದ್ದು ಹಾಗಾಗಿಲ್ಲ ಎಂದು. ಅತಿ ದೂರದವು ಧೂಳಿನ ಲೆಕ್ಕಕ್ಕಿಂತ ಪ್ರಕಾಶವಾಗಿದ್ದವು. ಅರ್ಥ ಇಷ್ಟು: ಬಹಳ ಹಿಂದೆ ನಿಜಕ್ಕೂ ಬ್ರೇಕ್ ಇತ್ತು, ಸುಮಾರು 500-600 ಕೋಟಿ ವರ್ಷಗಳ ಹಿಂದೆ ಅದು ಬಿಟ್ಟುಹೋಗಿ ವೇಗ ಏರತೊಡಗಿತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ಗಟ್ಟಿ ಪುರಾವೆ ಇದು. 1998ರ ಸುದ್ದಿಗೆ ಸಿಕ್ಕ ಹೆಸರಿನ ಕಾಲುಭಾಗವೂ ಇದಕ್ಕೆ ಸಿಗಲಿಲ್ಲ. ಪರ್ಲ್‌ಮಟರ್, ಶ್ಮಿಟ್, ರೀಸ್ ಮೂವರಿಗೆ 1998ರ ಆ ಸುದ್ದಿಗಾಗಿ 2011ರಲ್ಲಿ ನೊಬೆಲ್ ಬಂತು.

ವೇಗ ಯಾಕೆ ತಡವಾಗಿ ಏರಿತು? ಸಾರಿಗೆ ನೀರು ಬೆರೆಸುತ್ತಾ ಹೋದರೆ ಉಪ್ಪು ಸಪ್ಪೆಯಾಗುತ್ತದೆ. ಗೆಲಾಕ್ಸಿಗಳ ದ್ರವ್ಯ ಹೀಗೆ. ವಿಶ್ವ ಹಿಗ್ಗಿದಷ್ಟೂ ತೆಳುವಾಗಿ ಅದರ ಎಳೆತ ಕಡಿಮೆಯಾಗುತ್ತದೆ. ಆದರೆ ಬೆರೆಸುವ ನೀರೇ ಉಪ್ಪಾಗಿದ್ದರೆ? ಎಷ್ಟು ಸುರಿದರೂ ಆ ಉಪ್ಪು ಕಡಿಮೆಯಾಗದು. ಡಾರ್ಕ್ ಎನರ್ಜಿ ಖಾಲಿ ಜಾಗಕ್ಕೇ ಅಂಟಿಕೊಂಡ ಗುಣ ಎಂದು ಭಾವಿಸಿದರೆ ಹೀಗಾಗುತ್ತದೆ. ಮೊದಮೊದಲು ದ್ರವ್ಯದ್ದೇ ಮೇಲುಗೈ. ಅದು ತೆಳುವಾದ ಮೇಲೆ ಇದರದ್ದು. ಐನ್‌ಸ್ಟೈನ್ 1917ರಲ್ಲಿ ತಮ್ಮ ಸಮೀಕರಣಕ್ಕೆ ಸೇರಿಸಿ, ಆಮೇಲೆ ಕೈಬಿಟ್ಟ ಸ್ಥಿರಾಂಕ ಮಾಡುವ ಕೆಲಸವೂ ಇದೇ. ತೊಂದರೆ ಏನೆಂದರೆ, ಖಾಲಿ ಜಾಗಕ್ಕೆ ಎಷ್ಟು ಶಕ್ತಿ ಇರಬೇಕು ಎಂದು ಕ್ವಾಂಟಮ್ ಸಿದ್ಧಾಂತವನ್ನು ಕೇಳಿದರೆ ಬರುವ ಉತ್ತರ, ಅಳತೆಯಲ್ಲಿ ಸಿಕ್ಕಿದ್ದಕ್ಕಿಂತ ಸುಮಾರು 120 ಸೊನ್ನೆಗಳಷ್ಟು ದೊಡ್ಡದು. ಇಷ್ಟು ದೊಡ್ಡ ತಪ್ಪು ಲೆಕ್ಕ ಭೌತಶಾಸ್ತ್ರದಲ್ಲಿ ಇನ್ನೊಂದಿಲ್ಲ.

ಹಾಗಾಗಿ ಕಾಗದದ ಮೇಲೆ ತಲೆ ಕೆಡಿಸಿಕೊಂಡು ಪ್ರಯೋಜನ ಕಡಿಮೆ. ಅಳೆಯಬೇಕಾದ ಪ್ರಶ್ನೆ ಸರಳ. ಆ ಉಪ್ಪು ನಿಜಕ್ಕೂ ಎಲ್ಲ ಕಾಲದಲ್ಲೂ ಒಂದೇ ಇದೆಯಾ, ಇಲ್ಲಾ ನಿಧಾನವಾಗಿ ಬದಲಾಗುತ್ತಿದೆಯಾ? ಬದಲಾಗುತ್ತಿದೆ ಅಂತಾದರೆ ಐನ್‌ಸ್ಟೈನರ ಸ್ಥಿರಾಂಕ ಅಲ್ಲ, ಬೇರೆ ಏನೋ ಇದೆ.

ಯೂಕ್ಲಿಡ್ ಏನು ನೋಡುತ್ತದೆ

ಸೂಪರ್‌ನೋವಾ ಒಂದನ್ನೇ ನಂಬಿ ಕೂತರೆ ಪ್ರಕಾಶದ ಜಗಳ ಎಂದೂ ಮುಗಿಯುವುದಿಲ್ಲ. ಅದಕ್ಕೇ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಈಸಾದ ಯೂಕ್ಲಿಡ್ ಬೇರೆ ದಾರಿ ಹಿಡಿದಿದೆ. ಅದು ಮುಖ್ಯವಾಗಿ ನೋಡುವುದು ಗೆಲಾಕ್ಸಿಗಳ ಆಕಾರವನ್ನು ಮತ್ತು ಅವುಗಳ ನಡುವಿನ ಅಂತರವನ್ನು.

ಮೊದಲು ಆಕಾರ. ಬಚ್ಚಲುಮನೆ ಕಿಟಕಿಗೆ ಅಲೆಅಲೆಯಾದ ಗಾಜು ಹಾಕಿರುತ್ತಾರಲ್ಲ, ಅದರ ಮೂಲಕ ಹೊರಗಿನ ಮರ ನೋಡಿದರೆ ಸೊಟ್ಟಗೆ ಕಾಣುತ್ತದೆ. ಮರ ನೆಟ್ಟಗಿದೆ ಎಂದು ಗೊತ್ತಿದ್ದರೆ, ಸೊಟ್ಟು ನೋಡಿ ಗಾಜು ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಹೇಳಬಹುದು. ವಿಶ್ವದಲ್ಲಿ ಆ ಗಾಜು ಎಂದರೆ ದಾರಿಯಲ್ಲಿರುವ ದ್ರವ್ಯ, ಹೆಚ್ಚಿನದು ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್. ಅದರ ಗುರುತ್ವ ಬೆಳಕನ್ನು ಬಾಗಿಸುತ್ತದೆ. ಆದರೆ ಬಾಗುವುದು ಎಷ್ಟು? ಸಾಮಾನ್ಯವಾಗಿ ಶೇ. 1ರ ಆಸುಪಾಸು. ಒಂದು ಗೆಲಾಕ್ಸಿ ನೋಡಿ ಅದು ಹುಟ್ಟಾ ಮೊಟ್ಟೆಯಾಕಾರವೋ, ಬಾಗಿ ಹಾಗಾಯಿತೋ ಎಂದು ಹೇಳಲು ಸಾಧ್ಯವೇ ಇಲ್ಲ. ಲಕ್ಷಗಟ್ಟಲೆ ನೋಡಿ, ಒಂದು ಜಾಗದಲ್ಲಿರುವವೆಲ್ಲ ಒಂದೇ ಕಡೆಗೆ ಕೊಂಚ ವಾಲಿವೆಯಾ ಎಂದು ಸರಾಸರಿ ತೆಗೆಯಬೇಕು. ಹತ್ತಿರದ ಗಾಜು, ದೂರದ ಗಾಜು ಎಂದು ಪದರ ಪದರವಾಗಿ ಬಿಡಿಸಿದರೆ ದ್ರವ್ಯ ಕಾಲಕಾಲಕ್ಕೆ ಹೇಗೆ ಗುಂಪಾಯಿತು ಎಂದು ಕಾಣುತ್ತದೆ. ಡಾರ್ಕ್ ಎನರ್ಜಿ ಹೆಚ್ಚಿದಷ್ಟೂ ಗುಂಪಾಗುವುದು ಕಷ್ಟ.

ಇನ್ನು ಅಂತರ. ವಿಶ್ವ ಎಳಸಾಗಿದ್ದಾಗ ಅದರ ಬಿಸಿ ಅನಿಲದಲ್ಲಿ ಶಬ್ದದ ಅಲೆಗಳು ಹಬ್ಬಿ, ಆಮೇಲೆ ಹಾಗೇ ಹೆಪ್ಪುಗಟ್ಟಿದವು. ಅದರ ಗುರುತು ಇವತ್ತಿಗೂ ಇದೆ: ಗೆಲಾಕ್ಸಿಗಳು ಒಂದರಿಂದೊಂದು ಸುಮಾರು 49 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಸಾಧ್ಯತೆ ಕೊಂಚ ಜಾಸ್ತಿ. ಇದು ವಿಶ್ವದ ಜೊತೆಗೇ ಹಿಗ್ಗುವ ಅಳತೆಪಟ್ಟಿ. ಬೇರೆ ಬೇರೆ ಕಾಲದಲ್ಲಿ ಅದು ಎಷ್ಟು ಉದ್ದ ಕಾಣುತ್ತದೆ ಎಂದು ನೋಡಿದರೆ ಆಯಿತು. ಬಲ್ಬಿನ ವ್ಯಾಟ್ ಬಗ್ಗೆ ಚಿಂತೆಯೇ ಇಲ್ಲ.

ಶೇ. 1ರ ವಾಲುವಿಕೆ ಹಿಡಿಯಬೇಕಾದರೆ ನಮ್ಮ ಗಾಳಿಯೇ ಮೊದಲ ಶತ್ರು. ನಕ್ಷತ್ರ ಮಿನುಗುವುದು ನೋಡಲು ಚೆಂದ, ಅಳೆಯುವವರಿಗೆ ಕಾಟ. ಅದಕ್ಕೇ ಯೂಕ್ಲಿಡ್ ಇರುವುದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ಎಲ್2 ಎಂಬ ಜಾಗದಲ್ಲಿ, ಸೂರ್ಯನಿಗೆ ಬೆನ್ನು ಮಾಡಿ. ನಮ್ಮ ಆದಿತ್ಯ ಎಲ್1 ಇರುವುದು ಇದರ ತದ್ವಿರುದ್ಧ ದಿಕ್ಕಿನಲ್ಲಿ, ಭೂಮಿಯಿಂದ ಸೂರ್ಯನ ಕಡೆಗೆ ಅದೇ 15 ಲಕ್ಷ ಕಿಲೋಮೀಟರ್ ದೂರದಲ್ಲಿ. ಒಂದಕ್ಕೆ ಸೂರ್ಯನನ್ನೇ ನೋಡುವ ಕೆಲಸ, ಇನ್ನೊಂದಕ್ಕೆ ಸೂರ್ಯ ಕಣ್ಣಿಗೆ ಬೀಳಲೇಬಾರದು. ಎರಡೂ ಹಾರಿದ್ದು 2023ರಲ್ಲಿ, ಎರಡು ತಿಂಗಳ ಅಂತರದಲ್ಲಿ.

ಯೂಕ್ಲಿಡ್‌ನ ಕನ್ನಡಿ 1.2 ಮೀಟರ್, ಹಬಲ್‌ನದ್ದರ ಅರ್ಧ. ಆದರೆ ಅದರ ನೋಟ ವಿಶಾಲ. ಒಂದೇ ಸಲಕ್ಕೆ ಎರಡು ಹುಣ್ಣಿಮೆ ಚಂದ್ರರಿಗಿಂತ ದೊಡ್ಡ ಜಾಗ ಹಿಡಿಯುತ್ತದೆ. ಹಬಲ್ ನೂರಾರು ಸುತ್ತು ಹೊಡೆದು ಎರಡು ಚದರ ಡಿಗ್ರಿ ಆಕಾಶದ ಒಂದು ನಕ್ಷೆ ಮಾಡಿತ್ತು. ಅಷ್ಟು ಜಾಗ ಯೂಕ್ಲಿಡ್‌ಗೆ ಒಂದು ದಿನದ ಕೆಲಸವೂ ಅಲ್ಲ. ಆರು ವರ್ಷದಲ್ಲಿ ಆಕಾಶದ ಮೂರನೇ ಒಂದು ಭಾಗ, ಸುಮಾರು 150 ಕೋಟಿ ಗೆಲಾಕ್ಸಿ, 1000 ಕೋಟಿ ವರ್ಷಗಳ ಹಿಂದಿನವರೆಗೆ, ಇದು ಗುರಿ.

ನೂರು ನಿಮಿಷದ ಬಿಸಿ

ಹಾರಿದ ಮೇಲೆ ಮೊದಲು ಕಾಡಿದ್ದು ಗುರಿ ಹಿಡಿಯುವ ಸೆನ್ಸರ್. ದಿಕ್ಕು ತಪ್ಪದಿರಲು ಕೆಲವು ನಕ್ಷತ್ರಗಳ ಮೇಲೆ ಕಣ್ಣಿಟ್ಟಿರಬೇಕಾದ ಅದು ಆಗಾಗ ಅವುಗಳನ್ನು ಕಳೆದುಕೊಳ್ಳುತ್ತಿತ್ತು. ಫೋಟೋಗಳಲ್ಲಿ ನಕ್ಷತ್ರಗಳು ಚಕ್ಕುಲಿ ಸುತ್ತಿದ ಹಾಗೆ ಬಂದವು. ಹೊಸ ಸಾಫ್ಟ್‌ವೇರ್ ಕಳಿಸಿ ಅದನ್ನು ಸರಿಮಾಡಿದರು. ಅದು ಮುಗಿಯಿತು ಅನ್ನುವಷ್ಟರಲ್ಲಿ ಮಂಜುಗಡ್ಡೆ.

ಬಾಹ್ಯಾಕಾಶದಲ್ಲಿ ನೀರು ಎಲ್ಲಿಂದ ಬಂತು? ಇಲ್ಲಿಂದಲೇ. ಭೂಮಿಯ ಮೇಲೆ ಜೋಡಿಸುವಾಗ ಅದರ ಹೊದಿಕೆಯ ಪದರಗಳು ಗಾಳಿಯ ತೇವವನ್ನು ಕೊಂಚ ಹೀರಿಕೊಂಡಿದ್ದವು. ನಿರ್ವಾತಕ್ಕೆ ಹೋದ ಮೇಲೆ ಆ ತೇವ ನಿಧಾನವಾಗಿ ಹೊರಬಂದು, ಎದುರಿಗೆ ಸಿಕ್ಕ ತಣ್ಣನೆಯ ಜಾಗಕ್ಕೆ ಅಂಟಿಕೊಂಡಿತು. ಹೋಗಿ ಒರೆಸುವ ಹಾಗಿಲ್ಲ. ಇಡೀ ಟೆಲಿಸ್ಕೋಪನ್ನು ಬಿಸಿ ಮಾಡಬಹುದಿತ್ತು. ಆದರೆ ಬಿಸಿಗೆ ಹಿಗ್ಗಿ, ಮತ್ತೆ ತಣ್ಣಗಾಗುವಾಗ ಭಾಗಗಳು ಕೂದಲೆಳೆಯಷ್ಟು ಆಚೀಚೆ ಕೂತರೂ ಗೆಲಾಕ್ಸಿಗಳ ಆಕಾರ ಕೆಡುತ್ತದೆ. ಶೇ. 1 ಅಳೆಯಲು ಹೊರಟವರು ಆ ರಿಸ್ಕ್ ತೆಗೆದುಕೊಳ್ಳುವುದು ಹೇಗೆ? ಹಾಗಾಗಿ ಒಂದೊಂದೇ ಕನ್ನಡಿಯನ್ನು ಬೆಚ್ಚಗೆ ಮಾಡಿ ನೋಡೋಣ ಎಂದರು.

2024ರ ಮಾರ್ಚ್‌ನಲ್ಲಿ ಮೊದಲ ಅನುಮಾನವಿದ್ದ ಕನ್ನಡಿಯ ಹೀಟರ್ ಹಾಕಿದರು. ಮೈನಸ್ 147 ಡಿಗ್ರಿಯಿಂದ ಮೈನಸ್ 113ಕ್ಕೆ. ನಮ್ಮ ಲೆಕ್ಕದಲ್ಲಿ ಎರಡೂ ಒಂದೇ ಚಳಿ! ಆದರೆ ನಿರ್ವಾತದಲ್ಲಿ ಮಂಜು ಆವಿಯಾಗಿ ಹಾರಲು ಅಷ್ಟೇ ಸಾಕು. ನೂರು ನಿಮಿಷದಲ್ಲಿ ಬೆಳಕು ಶೇ. 15ರಷ್ಟು ಹೆಚ್ಚು ಬರತೊಡಗಿತು. ಕಳ್ಳ ಮೊದಲ ಮನೆಯಲ್ಲೇ ಸಿಕ್ಕಿದ್ದ.

ಆ ಶೇ. 15 ಎಷ್ಟು ದೊಡ್ಡದು ಎಂದು ನೋಡಿ. 1998ರ ಸುದ್ದಿಯೇ ಶೇ. 20-25ರ ಮಂಕಿನ ಮೇಲೆ ನಿಂತಿತ್ತು.

ಸದ್ಯ ಎಲ್ಲಿದ್ದೇವೆ

2025ರ ಮಾರ್ಚ್‌ನಲ್ಲಿ ಯೂಕ್ಲಿಡ್ ತಂಡ ಮೊದಲ ಕಂತಿನ ಮಾಹಿತಿ ಬಿಟ್ಟಿತು. ಬರೀ ಒಂದು ವಾರದ ವೀಕ್ಷಣೆ, 63 ಚದರ ಡಿಗ್ರಿ, 2.6 ಕೋಟಿ ಗೆಲಾಕ್ಸಿ. ಅದಕ್ಕೂ ಒಂದು ತಿಂಗಳು ಮೊದಲು ಒಂದು ಚೆಂದದ ಸುದ್ದಿ ಬಂದಿತ್ತು. ಎನ್‌ಜಿಸಿ 6505 ಎಂಬ ಗೆಲಾಕ್ಸಿ 1884ರಿಂದ ಎಲ್ಲರಿಗೂ ಗೊತ್ತು. ಯೂಕ್ಲಿಡ್ ನೋಡಿದಾಗ ಅದರ ನಡುವಿನ ಸುತ್ತ ಬಳೆಯಂಥ ಬೆಳಕು ಕಂಡಿತು. 442 ಕೋಟಿ ಜ್ಯೋತಿರ್ವರ್ಷ ಆಚೆಯ ಇನ್ನೊಂದು ಗೆಲಾಕ್ಸಿಯ ಬೆಳಕು ಬಾಗಿ ಬಳೆಯಾಗಿತ್ತು. ನೂರ ನಲವತ್ತು ವರ್ಷ ಅದು ಅಲ್ಲೇ ಇತ್ತು, ಯಾರಿಗೂ ಕಂಡಿರಲಿಲ್ಲ. ಆದರೆ ಇವು ಡಾರ್ಕ್ ಎನರ್ಜಿಯ ಉತ್ತರಗಳಲ್ಲ. ಅವುಗಳಿಗೆ ಇನ್ನೂ ಬಹಳ ಆಕಾಶ ಬೇಕು.

ಅದೇ ಮಾರ್ಚ್‌ನಲ್ಲಿ ಸದ್ದು ಮಾಡಿದ್ದು ನೆಲದ ಮೇಲಿನ ಪ್ರಯೋಗ. ಅಮೆರಿಕದ ಅರಿಜೋನಾದಲ್ಲಿ ಡೆಸಿ ಎಂಬ ಉಪಕರಣ 5000 ರೋಬೋಟ್ ಕೈಗಳಿಂದ ಒಂದೇ ಸಲಕ್ಕೆ ಅಷ್ಟು ಗೆಲಾಕ್ಸಿಗಳ ಬೆಳಕು ಹಿಡಿಯುತ್ತದೆ. ಅದರ ಅಳತೆಪಟ್ಟಿಯ ಲೆಕ್ಕವನ್ನು ಬೇರೆ ಮಾಹಿತಿಗಳ ಜೊತೆ ಸೇರಿಸಿದಾಗ, ಡಾರ್ಕ್ ಎನರ್ಜಿ ಈಚೆಗೆ ದುರ್ಬಲವಾಗುತ್ತಿರಬಹುದು ಎಂಬ ಸುಳಿವು ಬಂತು. ಉಪ್ಪು ಬದಲಾಗುತ್ತಿದೆ! ಆದರೆ ಸುಳಿವಿನ ಬಲ 2.8ರಿಂದ 4.2 ಸಿಗ್ಮಾ (ಫಲಿತಾಂಶ ಬರೀ ಆಕಸ್ಮಿಕವಲ್ಲ ಎಂಬ ಖಾತ್ರಿಯ ಅಳತೆ). ಭೌತಶಾಸ್ತ್ರದವರು ಕಂಡುಹಿಡಿದೆವು ಎಂದು ಹೇಳಲು ಕೇಳುವುದು 5. ಮತ್ತೆ ಆ ಬಲ ಯಾಕೆ ಅಷ್ಟು ಹಿಗ್ಗಿ ಕುಗ್ಗುತ್ತದೆ ಗೊತ್ತೇ? ಯಾವ ಸೂಪರ್‌ನೋವಾ ಪಟ್ಟಿಯನ್ನು ಜೊತೆಗೆ ಸೇರಿಸಿದಿರಿ ಎಂಬುದರ ಮೇಲೆ. ತಿರುಗಿ ಬಂದು ನಿಂತದ್ದು ಬಲ್ಬಿನ ಪ್ರಕಾಶದ ಹತ್ತಿರವೇ. ಹೀಗಾಗಿ ನಾನಂತೂ ಇನ್ನೂ ಪಟಾಕಿ ಹಚ್ಚುವುದಿಲ್ಲ.

ಇನ್ನೊಂದು ಜಗಳವೂ ಇದೆ. ಇವತ್ತಿನ ಹಿಗ್ಗುವ ವೇಗ ಎಷ್ಟು? ವಿಶ್ವದ ಬಾಲ್ಯದ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಪ್ರಕಾರ, ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ 67 ಕಿಲೋಮೀಟರ್. ಸೆಫೀಡ್, ಸೂಪರ್‌ನೋವಾ ಹಿಡಿದು ಹಬಲ್‌ನಿಂದ ಅಳೆದರೆ 73. ದಟ್ಟ ಗುಂಪಿನಲ್ಲಿ ಪಕ್ಕದ ನಕ್ಷತ್ರಗಳ ಬೆಳಕು ಸೇರಿ ಸೆಫೀಡ್‌ಗಳ ಪ್ರಕಾಶ ತಪ್ಪಾಗಿ ಅಳೆಯಲ್ಪಟ್ಟಿದೆಯೇನೋ ಎಂಬ ಅನುಮಾನವಿತ್ತು. ಹಬಲ್‌ಗಿಂತ ಚುರುಕು ಕಣ್ಣಿನ ಜೇಮ್ಸ್ ವೆಬ್ ಅದೇ ನಕ್ಷತ್ರಗಳನ್ನು ಬಿಡಿಬಿಡಿಯಾಗಿ ನೋಡಿ, ಹಬಲ್ ಅಳತೆ ಸರಿಯೇ ಇದೆ ಎಂದಿತು. ಅದೇ ವೆಬ್ ಬಳಸಿ ಬೇರೆ ಜಾತಿಯ ನಕ್ಷತ್ರಗಳನ್ನೂ ಅಳೆದ ವೆಂಡಿ ಫ್ರೀಡ್‌ಮನ್ ತಂಡಕ್ಕೆ ಮಾತ್ರ 70ರ ಆಸುಪಾಸು ಬಂತು. ಎರಡೂ ಕಡೆಯವರು ಜಗ್ಗುತ್ತಿಲ್ಲ.

ಮುಂದಿನ ಸರದಿ ನಾಸಾದ ನ್ಯಾನ್ಸಿ ಗ್ರೇಸ್ ರೋಮನ್ ಟೆಲಿಸ್ಕೋಪಿನದ್ದು. ಹಬಲ್‌ನಷ್ಟೇ ದೊಡ್ಡ 2.4 ಮೀಟರ್ ಕನ್ನಡಿ, ಅದರ ನೂರು ಪಟ್ಟು ನೋಟ. ಆಕಾರ, ಅಂತರ ಎರಡನ್ನೂ ಅದು ಅಳೆಯುತ್ತದೆ. ಜೊತೆಗೆ ಸಾವಿರಾರು ಹೊಸ ಸೂಪರ್‌ನೋವಾಗಳ ಪ್ರಕಾಶವನ್ನೂ.

ಅತ್ತ ಯೂಕ್ಲಿಡ್‌ನ ಹೊದಿಕೆಯಲ್ಲಿ ಇನ್ನೂ ನೀರಿದೆ. ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಮಂಜು ಮತ್ತೆ ಕೂರಬಹುದು ಎಂದು ತಂಡದವರು ಆಗಲೇ ಅಂದಾಜು ಹಾಕಿಟ್ಟಿದ್ದಾರೆ. ಅದಕ್ಕೇ ಅವರು ಗೊತ್ತಿರುವ ಅದೇ ನಕ್ಷತ್ರಗಳನ್ನು ಆಗಾಗ ತಿರುಗಿ ನೋಡುತ್ತಿರುತ್ತಾರೆ. ಬೆಳಕು ಕೊಂಚ ಇಳಿಯಿತೋ, ಯಾವ ಕನ್ನಡಿಯ ಹೀಟರ್ ಹಾಕಬೇಕು ಎಂದು ಈಗ ಗೊತ್ತಿದೆ.